ಮಳೆಗಾಲದಲ್ಲಿ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ: ಬಾಡಿಗೆ ಮನೆಯ ವೈರಿಂಗ್ ಯಾರು ನೋಡಬೇಕು?

ಪ್ರಶ್ನೆ: ನಾನು ಧಾರವಾಡ ಕಡೆಯವಳು, ಪ್ರಾಥಮಿಕ ಶಾಲೆ ಶಿಕ್ಷಕಿ. ವರ್ಗವಾಗಿ ಬಂದು ಎರಡು ವರ್ಷದಿಂದ ಕಾರವಾರದ ಕೋಡಿಬಾಗದಲ್ಲಿ ಬಾಡಿಗೆಗಿದ್ದೇವೆ. ಹಳೆಯ ಚಿರೇಕಲ್ಲಿನ ಮನೆ. ಕೆಳಗೆ ನಾವು, ಮೇಲೆ ಮಾಲೀಕರು. ಮಳೆ ಹಿಡಿಯಿತು ಅಂದರೆ ಬಚ್ಚಲುಮನೆಯ ನಲ್ಲಿ ಮುಟ್ಟಿದಾಗ ಕೈ ಜುಮ್ ಅನ್ನುತ್ತದೆ. ವಾಷಿಂಗ್ ಮೆಷಿನ್ ಮುಟ್ಟಿದರೂ ಹಾಗೇ. ನಮ್ಮಲ್ಲಿ ಗೀಸರ್ ಇಲ್ಲ, ಮೇಲಿನ ಮನೆಯಲ್ಲಿ ಇದೆ. ಒಮ್ಮೆ ನಮ್ಮ ಮೇನ್ ಸ್ವಿಚ್ ಆಫ್ ಮಾಡಿದ್ದಾಗಲೂ ನಲ್ಲಿ ಜುಮ್ ಅಂದಿತ್ತು. ಮಾಲೀಕರು ಹಿರಿಯರು, ಒಳ್ಳೆಯವರು. ಆದರೆ ‘ಸಮುದ್ರದ ಬದಿ ಮನೆ, ಮಳೆಗಾಲದಲ್ಲಿ ಇದು ಇದ್ದದ್ದೇ, ಚಪ್ಪಲಿ ಹಾಕ್ಕೊಳ್ಳಿ’ ಅನ್ನುತ್ತಾರೆ. ಅವರು ಕರೆಸಿದ ಹುಡುಗ ಟೆಸ್ಟರ್ ಇಟ್ಟು ನೋಡಿ ‘ಲೈಟ್ ಬರ್ತಾ ಇಲ್ಲ, ಎಂಸಿಬಿ ಬೇರೆ ಇದೆ, ಹೆದರಬೇಡಿ’ ಅಂದ. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ ಮಾತ್ರ ‘ಬಾಡಿಗೆ ಮನೆಗೆ ಐದು ವರ್ಷಕ್ಕೊಮ್ಮೆ ಕರೆಂಟಿನ ಸರ್ಟಿಫಿಕೇಟ್ ಕಡ್ಡಾಯ, ಕೇಳು’ ಅನ್ನುತ್ತಾನೆ. ಕೇಳಿದರೆ ಮಾಲೀಕರು ‘ಬೇಕಾದರೆ ನೀವೇ ಮಾಡಿಸಿ’ ಅಂದರು. ಹೆಸ್ಕಾಂಗೆ ದೂರು ಕೊಟ್ಟರೆ ಮನೆ ಬಿಡಿ ಅಂದಾರೋ ಎಂಬ ಭಯ. ಇಬ್ಬರು ಸಣ್ಣ ಮಕ್ಕಳಿದ್ದಾರೆ. ಏನು ಮಾಡಲಿ? ಬೇರೆ ಮನೆ ಹುಡುಕುವುದಾದರೆ ಏನು ನೋಡಬೇಕು?

ಉತ್ತರ: ಅಕ್ಕೋರೇ, ಇವತ್ತೇ ಮಾಡಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಆ ಬಚ್ಚಲುಮನೆಯ ಲೋಹದ ನಲ್ಲಿಯನ್ನು ಒದ್ದೆ ಕೈಯಲ್ಲಿ ಮುಟ್ಟುವುದು ಬೇಡ. ಮಕ್ಕಳಂತೂ ಒಬ್ಬರೇ ಒಳಗೆ ಹೋಗುವುದು ಬೇಡ. ನೀರನ್ನು ಬೇರೆ ಕಡೆಯಿಂದ ಬಕೆಟ್‌ನಲ್ಲಿ ತಂದುಕೊಳ್ಳಿ. ವಾಷಿಂಗ್ ಮೆಷಿನ್ನಿನ ಪ್ಲಗ್ ಪೂರ್ತಿ ಕಿತ್ತಿಡಿ, ಬರೀ ಸ್ವಿಚ್ ಆರಿಸಿದರೆ ಸಾಲದು. ಮೇಲಿನ ಮನೆಯವರಿಗೆ ಗೀಸರ್ ಎರಡು ದಿನ ಹಾಕಬೇಡಿ ಅಂತ ಕೈಮುಗಿದು ಕೇಳಿಕೊಳ್ಳಿ. ‘ಈಗಲೂ ಬರುತ್ತಾ’ ಅಂತ ಮುಟ್ಟಿ ನೋಡುವ ಪರೀಕ್ಷೆ ಮಾತ್ರ ಇನ್ನು ಮಾಡಲೇಬೇಡಿ.

ಕಾರವಾರ, ಅಂಕೋಲಾ, ಶಿರಸಿ ಕಡೆ ಲೈಸೆನ್ಸ್ ಇಟ್ಟುಕೊಂಡು ವೈರಿಂಗ್ ಕೆಲಸ ಮಾಡಿಸುತ್ತಾ ನನಗೆ ಇಪ್ಪತ್ತು ವರ್ಷ ದಾಟಿದೆ. ಜೂನ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಇಂಥವೇ. ‘ಮಳೆಗಾಲದಲ್ಲಿ ಇದ್ದದ್ದೇ’ ಎಂಬ ಮಾತನ್ನೂ ಪ್ರತಿ ವರ್ಷ ಕೇಳುತ್ತೇನೆ. ಮಳೆಗಾಲದಲ್ಲಿ ಜಾಸ್ತಿ ಆಗುತ್ತದೆ ಅನ್ನುವುದು ನಿಜ. ಇದ್ದದ್ದೇ ಅನ್ನುವುದು ಸುಳ್ಳು. ವೈರಿಂಗ್ ಸರಿ ಇರುವ ಮನೆ ಕಡಲಿಗೆ ಅಂಟಿಕೊಂಡಿದ್ದರೂ ನಲ್ಲಿ ಜುಮ್ ಅನ್ನುವುದಿಲ್ಲ.

ಮಳೆ ಏನು ಮಾಡುತ್ತದೆ ಅಂದರೆ, ಮೊದಲೇ ಇರುವ ತಪ್ಪನ್ನು ಹೊರಗೆ ತೋರಿಸುತ್ತದೆ. ಚಿರೇಕಲ್ಲು ತೂತು ತೂತಿನ ಕಲ್ಲು, ನೀರು ಕುಡಿಯುತ್ತದೆ. ಗೋಡೆಯೊಳಗಿನ ಪೈಪಿಗೆ ತೇವ ಇಳಿಯುತ್ತದೆ. ಗಾಳಿಯಲ್ಲಿ ಉಪ್ಪು ಇರುವುದರಿಂದ ಜಾಯಿಂಟುಗಳ ತಾಮ್ರ ಹಸಿರುಗಟ್ಟುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ. ಇಪ್ಪತ್ತೈದು ಮೂವತ್ತು ವರ್ಷದ ಹಳೆಯ ವೈರಿನ ಹೊದಿಕೆ ಬಿರುಕು ಬಿಟ್ಟಿದ್ದರೆ ಅಲ್ಲಿಂದ ಕರೆಂಟು ಸೋರುತ್ತದೆ. ಇನ್ನೊಂದು ಕಡೆ ನಿಮ್ಮ ಮೈಯೂ ಬದಲಾಗಿರುತ್ತದೆ. ಒಣಗಿದ ಕೈ ಕರೆಂಟನ್ನು ಸಾಕಷ್ಟು ತಡೆಯುತ್ತದೆ. ಒದ್ದೆ ಕೈ, ಒದ್ದೆ ನೆಲ, ಬರಿಗಾಲು ಆದರೆ ಆ ತಡೆ ಸುಮಾರು 1000 ಓಮ್‌ವರೆಗೂ ಇಳಿಯಬಹುದು. 230 ವೋಲ್ಟ್ ನೇರವಾಗಿ ಸಿಕ್ಕರೆ 230 ಮಿಲಿಆಂಪ್ ಹರಿಯುತ್ತದೆ. 1 ಮಿಲಿಆಂಪ್ ಆಸುಪಾಸಿನಲ್ಲೇ ನಮಗೆ ಜುಮ್ ಅನಿಸುತ್ತದೆ. 10 ದಾಟಿದರೆ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲು ಆಗದೆ ಹೋಗಬಹುದು. 30 ದಾಟಿದ ಮೇಲೆ ಹೃದಯದ ಬಡಿತಕ್ಕೇ ಅಪಾಯ. ಇವತ್ತು ಜುಮ್ ಎಂದದ್ದು ನಾಳೆ ಎಲ್ಲಿ ನಿಲ್ಲುತ್ತದೆ ಅಂತ ಯಾರೂ ಹೇಳಲಾರರು. ಚಪ್ಪಲಿಯಿಂದ ಆ ಹೊತ್ತಿಗೆ ಹರಿಯುವ ಕರೆಂಟು ಕಡಿಮೆ ಆಗುತ್ತದೆ, ಅಷ್ಟೇ. ತಪ್ಪು ಅಲ್ಲೇ ಇರುತ್ತದೆ. ಮಗು ಬರಿಗಾಲಲ್ಲಿ ಓಡುತ್ತದೆ.

ಎಂಸಿಬಿ ಇದೆಯಲ್ಲ ಎಂಬ ಮಾತಿಗೆ ಬರುತ್ತೇನೆ. ಇದು ತುಂಬಾ ಜನ ನಂಬಿರುವ ಮಾತು. ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚು, ಇರುವುದು ವೈರು ಸುಡದಂತೆ ಕಾಯಲು. ನಿಮ್ಮ ಬೋರ್ಡಿನ 16 ಆಂಪಿನ ಎಂಸಿಬಿಗೆ 16,000 ಮಿಲಿಆಂಪ್ ಆಗುವವರೆಗೂ ಎಲ್ಲ ಸರಿಯಿದೆ ಅಂತಲೇ ಲೆಕ್ಕ. ಮನುಷ್ಯನ ಜೀವಕ್ಕೆ 30 ಸಾಕು. ಜೀವ ಕಾಯುವ ಸಾಧನ ಬೇರೆ ಇದೆ, ಆರ್‌ಸಿಸಿಬಿ ಅಂತ. ನೋಡಲು ಎಂಸಿಬಿ ಥರವೇ ಇರುತ್ತದೆ, ಆದರೆ ಮುಖದ ಮೇಲೆ ‘ಟಿ’ ಅಥವಾ ‘ಟೆಸ್ಟ್’ ಅಂತ ಒಂದು ಸಣ್ಣ ಗುಂಡಿ ಇರುತ್ತದೆ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ಸದಾ ಅಳೆಯುತ್ತಿರುತ್ತದೆ. 30 ಮಿಲಿಆಂಪಿನಷ್ಟು ಬೇರೆ ದಾರಿ ಹಿಡಿದರೂ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಮನೆಗಳಿಗೆ 30 ಮಿಲಿಆಂಪಿನದೇ ಬೇಕು. 100, 300ರ ಅಂಕೆ ಇರುವುದು ಬೆಂಕಿ ತಡೆಗೆ, ಮೈಗೆ ಬೀಳುವ ಶಾಕ್ ತಡೆಯಲು ಅಲ್ಲ.

ಟೆಸ್ಟರ್ ಬಗ್ಗೆಯೂ ಎರಡು ಮಾತು. ಅದರ ದೀಪ ಉರಿಯುವುದು ನಿಮ್ಮ ಮೈ ಮೂಲಕ ಹರಿಯುವ ಅತಿ ಸಣ್ಣ ಕರೆಂಟಿನಿಂದ. ಹಾಗಾಗಿ ಒಣ ಸ್ಟೂಲಿನ ಮೇಲೆ ನಿಂತು, ರಬ್ಬರ್ ಚಪ್ಪಲಿ ಹಾಕಿ, ಹಗಲು ಬೆಳಕಿನಲ್ಲಿ ನೋಡಿದರೆ ದೀಪ ಕಾಣಿಸದೇ ಇರಬಹುದು. ಕಡಿಮೆ ವೋಲ್ಟೇಜಿಗೆ ಅದು ಉರಿಯುವುದೂ ಇಲ್ಲ, ಒದ್ದೆ ಮೈಗೆ ಮಾತ್ರ ಗೊತ್ತಾಗುತ್ತದೆ. ಆ ಹುಡುಗ ಸುಳ್ಳು ಹೇಳಿಲ್ಲ. ಅವನ ಕೈಯಲ್ಲಿದ್ದ ಸಾಮಾನು ಆ ಪ್ರಶ್ನೆಗೆ ಉತ್ತರ ಕೊಡುವಂಥದ್ದಲ್ಲ.

ಈಗ ನಿಮ್ಮ ಪತ್ರದ ಮುಖ್ಯ ಸಾಲು. ನಿಮ್ಮ ಮೇನ್ ಆಫ್ ಇದ್ದಾಗಲೂ ನಲ್ಲಿ ಜುಮ್ ಅಂದಿತು ಅಂದಿರಿ. ಅಂದರೆ ಆ ಕರೆಂಟು ನಿಮ್ಮ ಬೋರ್ಡಿನಿಂದ ಬರುತ್ತಿರುವ ಸಾಧ್ಯತೆ ಕಡಿಮೆ. ನನಗೆ ಅನುಮಾನ ಮೇಲಿನ ಗೀಸರ್ ಮೇಲೆ, ಇಲ್ಲವೇ ಬಾವಿಯ ಪಂಪಿನ ಮೇಲೆ. ಗೀಸರಿನೊಳಗಿನ ಕಾಯಿಲ್ ಸವೆದು ಸೋರತೊಡಗಿದರೆ ಅದರ ಡಬ್ಬಿಗೂ ಕಬ್ಬಿಣದ ಪೈಪಿಗೂ ಕರೆಂಟು ಬರುತ್ತದೆ. ಅರ್ಥಿಂಗ್, ಅಂದರೆ ಯಂತ್ರದ ಲೋಹದ ಮೈಯಿಂದ ನೆಲದಲ್ಲಿ ಹೂತ ಪೈಪಿಗೆ ಹೋಗುವ ಹಸಿರು ವೈರು, ಸರಿ ಇದ್ದರೆ ಅದು ನೆಲಕ್ಕಿಳಿದು ಹೋಗುತ್ತದೆ. ಇಲ್ಲದಿದ್ದರೆ ಪೈಪ್ ಹಿಡಿದು ನಿಮ್ಮ ನಲ್ಲಿಗೆ ಬರುತ್ತದೆ. ವಾಷಿಂಗ್ ಮೆಷಿನ್ ಯಾಕೆ ಜುಮ್ ಅಂತು? ಎರಡೂ ಮನೆಗೆ ಒಂದೇ ಅರ್ಥಿಂಗ್ ಇದ್ದರೆ, ಆ ಪೈಪ್ ಹೂತ ಅರ್ಥಿಂಗ್ ಗುಂಡಿ ಹಾಳಾಗಿದ್ದರೆ, ಮೇಲೆ ಸೋರಿದ್ದು ಹಸಿರು ವೈರಿನಲ್ಲೇ ಇಳಿದು ನಿಮ್ಮ ಪ್ಲಗ್ಗಿನ ದಪ್ಪ ಪಿನ್ನಿಗೆ ಬರುತ್ತದೆ. ಕಾಯಬೇಕಾದ ವೈರೇ ಕರೆಂಟನ್ನು ಕೋಣೆ ಕೋಣೆಗೆ ಹಂಚುತ್ತದೆ. (ಬರೀ ಮೆಷಿನ್ ಮಾತ್ರ ಜುಮ್ ಅನ್ನುತ್ತಿದ್ದರೆ ಇನ್ನೊಂದು ಕಾರಣವೂ ಇರುತ್ತದೆ. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವ ಯಂತ್ರಗಳು ಸ್ವಲ್ಪ ಕರೆಂಟನ್ನು ಅರ್ಥಿಗೆ ಬಿಡುತ್ತಲೇ ಇರುತ್ತವೆ. ಆ ಕರೆಂಟು ಚಿಕ್ಕದು, ಆದರೆ ಅದು ಕೈಗೆ ತಿಳಿಯುತ್ತಿದೆ ಅಂದರೆ ಅರ್ಥಿಂಗ್ ಇಲ್ಲ ಅಂತಲೇ.)

ಇದರಿಂದ ಒಂದು ಕಹಿ ಮಾತು ಹೊರಡುತ್ತದೆ. ‘ಬೇಕಾದರೆ ನೀವೇ ಮಾಡಿಸಿ’ ಅಂತ ಮಾಲೀಕರು ಹೇಳಿದಂತೆ ನೀವು ನಿಮ್ಮ ಬೋರ್ಡಿಗೆ ಆರ್‌ಸಿಸಿಬಿ ಹಾಕಿಸಿಕೊಂಡರೂ ಈ ನಲ್ಲಿಯ ಶಾಕ್‌ಗೆ ಅದು ಬೀಳುವುದಿಲ್ಲ. ಕರೆಂಟು ಹೊರಟಿದ್ದು ಮೇಲಿನ ಬೋರ್ಡಿನಿಂದ. ನಿಮ್ಮ ಆರ್‌ಸಿಸಿಬಿಗೆ ಅದು ಕಾಣುವುದೇ ಇಲ್ಲ. ಮೇಲೆ, ಕೆಳಗೆ, ಪಂಪಿಗೆ, ಎಲ್ಲ ಕಡೆ ಆಗಬೇಕು. ಆದ್ದರಿಂದಲೇ ಇದು ಬಾಡಿಗೆದಾರರು ತಮ್ಮ ಪಾಡಿಗೆ ಮಾಡಿಸಿಕೊಳ್ಳುವ ಕೆಲಸ ಅಲ್ಲ.

ಅರ್ಥಿಂಗ್ ಗುಂಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಂಕೋಲಾ ಹತ್ತಿರ ಒಂದು ಮನೆಗೆ ಹೋಗಿದ್ದೆ. ಯಜಮಾನರು ‘ಅರ್ಥಿಂಗ್ ಪಕ್ಕಾ ಇದೆ’ ಅಂತ ದಾಸವಾಳದ ಗಿಡದ ಬುಡ ತೋರಿಸಿದರು. ಕಬ್ಬಿಣದ ಪೈಪಿನ ತುದಿ ಕಾಣುತ್ತಿತ್ತು, ಅದಕ್ಕೆ ವೈರೂ ಸುತ್ತಿತ್ತು. ಸುತ್ತಲಿನ ಮಣ್ಣು ಸರಿಸಿ ಪೈಪ್ ಹಿಡಿದು ಅಲುಗಿಸಿದೆ. ಕೈಯಲ್ಲೇ ಬಂತು. ನೆಲದ ಮಟ್ಟದಿಂದ ಒಂದು ಗೇಣು ಕೆಳಗೆ ತುಕ್ಕು ತಿಂದು ಮುರಿದಿತ್ತು, ಅಂಚು ಬಿಸ್ಕತ್ತಿನ ಹಾಗೆ ಉದುರುತ್ತಿತ್ತು. ಎಷ್ಟು ವರ್ಷದಿಂದ ಆ ಮನೆ ಅರ್ಥಿಂಗ್ ಇಲ್ಲದೆ ನಡೆದಿತ್ತೋ ದೇವರೇ ಬಲ್ಲ. ಅವರು ಬಹಳ ಹೊತ್ತು ಆ ತುಂಡನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. ಹಿಂದೆಲ್ಲಾ ಗುಂಡಿಗೆ ಉಪ್ಪು, ಇದ್ದಿಲು ತುಂಬುವುದು ರೂಢಿ. ಆ ಉಪ್ಪೇ ಪೈಪನ್ನು ತಿನ್ನುತ್ತದೆ, ಕರಾವಳಿಯಲ್ಲಂತೂ ಇನ್ನೂ ಬೇಗ.

ಇನ್ನು ಗುಂಡಿ ಗಟ್ಟಿ ಇದ್ದರೂ ಅದೊಂದೇ ಸಾಲದು. ನಮ್ಮ ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಗುಂಡಿಯ ತಡೆ 20 ಓಮ್ ಆಗುವುದು ದೊಡ್ಡ ಮಾತಲ್ಲ. 230ನ್ನು 20ರಿಂದ ಭಾಗಿಸಿ, ಹನ್ನೊಂದೂವರೆ ಆಂಪ್. ಫೇಸ್ ವೈರೇ ಗೀಸರಿನ ಡಬ್ಬಿಗೆ ತಾಗಿದ್ದರೂ 16ರ ಎಂಸಿಬಿ ಬೀಳುವುದಿಲ್ಲ. ಡಬ್ಬಿ ಜೀವಂತವಾಗಿಯೇ ಇರುತ್ತದೆ. ಅದೇ 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದರೆ ತಕ್ಷಣ ಬೀಳುತ್ತದೆ. ಅರ್ಥಿಂಗ್ ಗುಂಡಿ ಮತ್ತು ಆರ್‌ಸಿಸಿಬಿ ಜೋಡಿ, ಒಂದಕ್ಕೊಂದು ಬದಲಿ ಅಲ್ಲ.

ಇನ್ನೊಂದು ತಪ್ಪು ನೋಡಿದರೆ ನನ್ನ ಎದೆ ಈಗಲೂ ಝಲ್ ಅನ್ನುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಕೆಲವರು ಸಾಕೆಟ್ಟಿನ ಹಿಂದೆ ಒಂದು ತುಂಡು ವೈರಿನಿಂದ ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಸೇರಿಸಿಬಿಡುತ್ತಾರೆ. ಜುಮ್ ಅನ್ನುವುದು ನಿಂತುಹೋಗುತ್ತದೆ, ಎಲ್ಲರಿಗೂ ಖುಷಿ. ಆದರೆ ಗಾಳಿಗೆ ತೆಂಗಿನ ಮಡಲು ಬಿದ್ದು ಕಂಬದಿಂದ ಬರುವ ನ್ಯೂಟ್ರಲ್ ತುಂಡಾದರೆ, ಆ ಮನೆಯ ಫ್ರಿಜ್ಜು, ಮೆಷಿನ್ನು, ಇಸ್ತ್ರಿಪೆಟ್ಟಿಗೆ ಎಲ್ಲದರ ಮೈಗೂ ಪೂರ್ತಿ 230 ವೋಲ್ಟ್ ಬರುತ್ತದೆ. ಶಿರಸಿ ಕಡೆಯ ಒಂದು ಮನೆಯಲ್ಲಿ ಹೀಗೇ ಆಗಿತ್ತು. ಫ್ರಿಜ್ ಬಾಗಿಲಿಗೆ ಕೈ ಹಾಕಿದ ಮನೆಯಾಕೆ ಹಿಂದಕ್ಕೆ ಎಸೆದ ಹಾಗೆ ಬಿದ್ದರು. ಬದುಕಿದರು. ಯಾರಾದರೂ ‘ಹತ್ತೇ ನಿಮಿಷದಲ್ಲಿ ಸರಿ ಮಾಡ್ತೇನೆ’ ಅಂತ ಬಂದರೆ, ಏನು ಮಾಡುತ್ತೀರಿ ಅಂತ ಕೇಳಿ. ಇದಾದರೆ ಬೇಡ ಅನ್ನಿ.

ತಮ್ಮ ಹೇಳಿದ್ದು ಅವರ ದೇಶದ ಮಟ್ಟಿಗೆ ನಿಜ. ಇಂಗ್ಲೆಂಡಿನಲ್ಲಿ 2020ರಲ್ಲಿ ಬಂದ ನಿಯಮದಂತೆ ಬಾಡಿಗೆ ಮನೆಯ ವೈರಿಂಗನ್ನು ಕನಿಷ್ಠ 5 ವರ್ಷಕ್ಕೊಮ್ಮೆ ಅರ್ಹರಿಂದ ಪರೀಕ್ಷೆ ಮಾಡಿಸಿ, ವರದಿಯನ್ನು 28 ದಿನದೊಳಗೆ ಬಾಡಿಗೆದಾರರಿಗೆ ಕೊಡಬೇಕು. ನಮ್ಮಲ್ಲಿ ಬಾಡಿಗೆ ಮನೆಗೆಂದೇ ಹಾಗೆ ಕಾನೂನು ಇಲ್ಲ. ಹಾಗಂತ ಏನೂ ಇಲ್ಲ ಅಂತಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿವೆ. 2010ರವು ಹೋಗಿ 2023ರವು ಬಂದಿವೆ. ಅರ್ಥಿಂಗ್, ಸೋರಿಕೆ ತಡೆ ಸಾಧನ, ಲೈಸೆನ್ಸ್ ಇದ್ದವರಿಂದಲೇ ಕೆಲಸ, ಇವೆಲ್ಲ ಅದರಲ್ಲಿವೆ. ಮೀಟರ್‌ವರೆಗಿನದು ಹೆಸ್ಕಾಂ ಜವಾಬ್ದಾರಿ, ಆಚೆಗಿನದು ಗ್ರಾಹಕರದು. ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಮಾಲೀಕರ ಹೆಸರಲ್ಲಿದ್ದರೆ ಹೆಸ್ಕಾಂ ಪುಸ್ತಕದಲ್ಲಿ ಗ್ರಾಹಕರು ಅವರೇ.

ಮಾಲೀಕರು-ಬಾಡಿಗೆದಾರರ ನಡುವಿನ ಕಾನೂನು ಹೀಗಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಮನೆಯನ್ನು ಸುಸ್ಥಿತಿಯಲ್ಲಿ ಇಡುವ ಹೊಣೆಯನ್ನು ಮಾಲೀಕರ ಮೇಲೆ ಹಾಕುತ್ತದೆ, ಆದರೆ ಅದರ ಬಾಡಿಗೆ ಮಿತಿ ಜಾಗ ನೋಡಿಕೊಂಡು ತಿಂಗಳಿಗೆ 3,500 ಅಥವಾ 2,000 ರೂಪಾಯಿ. ಇವತ್ತಿನ ಹೆಚ್ಚಿನ ಮನೆಗಳು ಅದರಾಚೆ. ಆಗ ಲೆಕ್ಕಕ್ಕೆ ಬರುವುದು ನಿಮ್ಮ ಕರಾರು ಪತ್ರ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ. ತನಗೆ ಗೊತ್ತಿರುವ, ಬಾಡಿಗೆದಾರರಿಗೆ ಮೇಲ್ನೋಟಕ್ಕೆ ಗೊತ್ತಾಗದ ದೊಡ್ಡ ದೋಷವನ್ನು ಮಾಲೀಕರು ಹೇಳಲೇಬೇಕು ಅನ್ನುತ್ತದೆ ಅದು. ಅವರೇ ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು ಅಂತಲೂ ಇದೆ. ‘ಅವರೇ ಮಾಡಿಸಬೇಕಾದ’ ಎಂಬ ಮಾತು ಮುಖ್ಯ. ಕರಾರಿನಲ್ಲಿ ವೈರಿಂಗ್ ಬಗ್ಗೆ ಏನೂ ಬರೆದಿಲ್ಲದಿದ್ದರೆ ಅಲ್ಲಿ ವಾದಕ್ಕೆ ಜಾಗ ಇದೆ. ಆದ್ದರಿಂದ ಬರಹದಲ್ಲಿ ಒಪ್ಪಿಗೆ ಇಲ್ಲದೆ ಬಾಡಿಗೆ ಹಿಡಿಯಲು ನಾನು ಹೇಳಲಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಹಂಚಿಕೆ ನನಗೆ ನ್ಯಾಯವಾಗಿ ಕಾಣುತ್ತದೆ: ಮನೆಯ ಒಳ-ಹೊರ ವೈರಿಂಗ್ ಮಾಲೀಕರದು, ಸ್ವಿಚ್ಚು ಸಾಕೆಟ್ಟಿನ ಸಣ್ಣ ರಿಪೇರಿ ಬಾಡಿಗೆದಾರರದು. ಅದು ಮಾದರಿ ಮಾತ್ರ, ರಾಜ್ಯ ಅಳವಡಿಸಿಕೊಂಡರಷ್ಟೇ ಕಾನೂನು. ಆದರೂ ಕರಾರು ಬರೆಯುವಾಗ ಆ ಸಾಲನ್ನೇ ಬರೆಯಿಸಿಕೊಳ್ಳಲು ಅಡ್ಡಿ ಇಲ್ಲ ಅಲ್ವಾ?

ಹಾಗಾದರೆ ನಿಮ್ಮ ಮುಂದಿರುವ ದಾರಿ. ನಾನಾಗಿದ್ದರೆ ಜಗಳದಿಂದ ಶುರು ಮಾಡುತ್ತಿರಲಿಲ್ಲ. ಆ ಹಿರಿಯರೂ ಅದೇ ಪೈಪಿನ ನೀರಿನಲ್ಲಿ ಸ್ನಾನ ಮಾಡುತ್ತಾರೆ. ಸೋರುತ್ತಿರುವ ಗೀಸರಿಗೆ ನಿಮಗಿಂತ ಅವರೇ ಹತ್ತಿರ. ಇದನ್ನು ಅವರಿಗೆ ಹೇಳಿ. ‘ನಮ್ಮ ಮೇನ್ ಆಫ್ ಇದ್ದಾಗಲೂ ಬಂತು, ಹಾಗಾದರೆ ತಪ್ಪು ಮೇಲೆ ಇರಬಹುದು, ನಿಮಗೆ ಏನಾದರೂ ಆದೀತು ಅಂತ ಹೆದರಿಕೆ’ ಅನ್ನಿ. ಇದು ಸುಳ್ಳೂ ಅಲ್ಲ, ನಯವೂ ಹೌದು. ಅದೇ ದಿನ ಇದನ್ನು ವಾಟ್ಸಾಪ್‌ನಲ್ಲೂ ಎರಡು ಸಾಲು ಬರೆದು ಕಳಿಸಿ. ಮುಂದೆ ಬೇಕಾದರೆ ಅದೇ ನಿಮ್ಮ ನೋಟಿಸಿನ ಮೊದಲ ಹಾಳೆ.

ಆಮೇಲೆ ಒಂದು ಪರೀಕ್ಷೆ ಮಾಡಿಸಿ. ಖರ್ಚು ಅರ್ಧರ್ಧ ಅಂತ ನೀವೇ ಮುಂದಾಗಿ, ಇಷ್ಟಕ್ಕೆ ಸಾಮಾನ್ಯವಾಗಿ ಯಾರೂ ಇಲ್ಲ ಅನ್ನುವುದಿಲ್ಲ. ಬರುವವರ ಬಳಿ ಲೈಸೆನ್ಸ್ ಇರಬೇಕು, ಮೆಗ್ಗರ್ ಮತ್ತು ಅರ್ಥ್ ಟೆಸ್ಟರ್ ಇರಬೇಕು. ಮೆಗ್ಗರ್ 500 ವೋಲ್ಟ್ ಕೊಟ್ಟು ವೈರಿನ ಹೊದಿಕೆ ನೋಡುತ್ತದೆ. ಕನಿಷ್ಠ 1 ಮೆಗಾಓಮ್ ಬರಬೇಕು. ಆ ಹೊತ್ತಿಗೆ ಟಿವಿ, ಫ್ರಿಜ್ ಎಲ್ಲ ಪ್ಲಗ್ ತೆಗೆದಿರಬೇಕು. ಅರ್ಥ್ ಟೆಸ್ಟರು ಅರ್ಥಿಂಗ್ ಗುಂಡಿಯ ತಡೆ ಎಷ್ಟು ಓಮ್ ಅಂತ ಹೇಳುತ್ತದೆ. ಅಂಕೆಗಳನ್ನು ಒಂದು ಹಾಳೆಯಲ್ಲಿ ಬರೆಸಿ, ದಿನಾಂಕ ಹಾಕಿಸಿ, ಸಹಿ ಹಾಕಿಸಿ, ಒಂದು ಪ್ರತಿ ಮಾಲೀಕರಿಗೆ ಕೊಡಿ. ‘ಎಲ್ಲ ಸರಿ ಇದೆ’ ಎಂಬ ಬಾಯಿಮಾತಿಗೆ ದುಡ್ಡು ಕೊಡಬೇಡಿ.

ಹೆಚ್ಚಿನ ಸಲ ಕೆಲಸ ಹೆದರುವಷ್ಟು ದೊಡ್ಡದಿರುವುದಿಲ್ಲ. ಗೀಸರಿನ ಕಾಯಿಲ್ ಬದಲಿಸುವುದು, ಹೊಸ ಅರ್ಥಿಂಗ್ ಗುಂಡಿ, ಎರಡೂ ಬೋರ್ಡಿಗೆ ಒಂದೊಂದು ಆರ್‌ಸಿಸಿಬಿ. ಒಳ್ಳೆ ಕಂಪನಿಯ ಆರ್‌ಸಿಸಿಬಿ ಒಂದಕ್ಕೆ ಎರಡು ಸಾವಿರ ರೂಪಾಯಿ ಆಸುಪಾಸು. ಹಳೆಯ ವೈರಿಂಗಿಗೆ ಹೊಸದಾಗಿ ಹಾಕಿದಾಗ ಅದು ಪದೇ ಪದೇ ಬೀಳಬಹುದು. ಆಗ ‘ಇದೇ ಸರಿ ಇಲ್ಲ’ ಅಂತ ಬೈಪಾಸ್ ಮಾಡುವವರಿದ್ದಾರೆ. ಬೀಳುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ ಅಥವಾ ಎರಡು ಲೈನಿನ ನ್ಯೂಟ್ರಲ್ ಒಂದಾಗಿದೆ. ಹುಡುಕಿಸಬೇಕು. ಇನ್ವರ್ಟರ್ ಇದ್ದರೆ ಅದರ ಲೈನನ್ನು ಬೇರೆಯಾಗಿ ನೋಡಿಸಿ. ಮುಖ್ಯ ಆರ್‌ಸಿಸಿಬಿ ಬಿದ್ದರೂ ಇನ್ವರ್ಟರ್ ಲೈನಿನಲ್ಲಿ ಕರೆಂಟು ಇದ್ದೇ ಇರುತ್ತದೆ.

ಇಷ್ಟಾದರೂ ಮಾಲೀಕರು ಒಪ್ಪದಿದ್ದರೆ ದೂರು. 1912ಕ್ಕೆ ಕರೆ ಮಾಡಬಹುದು, ಹೆಸ್ಕಾಂ ಶಾಖಾ ಕಚೇರಿಗೆ ಬರೆದು ಕೊಡಬಹುದು, ವಿದ್ಯುತ್ ಸುರಕ್ಷತೆ ನೋಡುವ ಸರ್ಕಾರಿ ಇಲಾಖೆಯಾದ ವಿದ್ಯುತ್ ಪರಿವೀಕ್ಷಣಾಲಯಕ್ಕೂ ಬರೆಯಬಹುದು. ಇದರ ಅಪಾಯವನ್ನು ಮುಚ್ಚಿಡುವುದಿಲ್ಲ. ಬಂದು ನೋಡಿದವರಿಗೆ ಸೋರಿಕೆ ಅಪಾಯಕಾರಿ ಅನಿಸಿದರೆ ರಿಪೇರಿ ಆಗುವವರೆಗೆ ಸಂಪರ್ಕ ಕಡಿಯಬಹುದು. ಆಗ ಕತ್ತಲಲ್ಲಿ ಕೂರುವುದು ನೀವೇ. ಹನ್ನೊಂದು ತಿಂಗಳ ಕರಾರು ಮುಗಿದಾಗ ಮುಂದುವರಿಸುವುದಿಲ್ಲ ಅನ್ನಲೂಬಹುದು. ಆದರೂ ಮಕ್ಕಳಿರುವ ಮನೆಯಲ್ಲಿ, ಪರೀಕ್ಷೆಯ ಹಾಳೆಯಲ್ಲಿ ಅಂಕೆ ಕೆಟ್ಟದಿದ್ದು ಮಾಲೀಕರು ಕದಲದಿದ್ದರೆ, ನಾನು ದೂರು ಕೊಡುತ್ತೇನೆ, ಇಲ್ಲವೇ ಮನೆ ಬಿಡುತ್ತೇನೆ. ಮೂರನೆಯದು ನನಗೆ ತೋಚುವುದಿಲ್ಲ. ಗೊತ್ತಿದ್ದೂ ಸುಮ್ನಿದ್ದು ಜೀವ ಹೋದರೆ ನಿರ್ಲಕ್ಷ್ಯದಿಂದ ಆದ ಸಾವು ಅಂತ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಕೆಳಗೆ ಪ್ರಕರಣ ಆಗಬಹುದು. ಮಾಲೀಕರಿಗೆ ಇದನ್ನು ನೀವು ಹೇಳುವುದು ಬೇಡ. ಅವರ ಮಕ್ಕಳೋ ಪರಿಚಯದ ವಕೀಲರೋ ಹೇಳಿದರೆ ಹೆಚ್ಚು ನಾಟುತ್ತದೆ.

ಹೊಸ ಮನೆ ನೋಡುವುದಾದರೆ ಬಣ್ಣ, ಹೆಂಚು ನೋಡುವ ಮೊದಲು ಮೀಟರ್ ಬೋರ್ಡಿನ ಮುಂದೆ ನಿಲ್ಲಿ. ಟೆಸ್ಟ್ ಗುಂಡಿ ಇರುವ ಆರ್‌ಸಿಸಿಬಿ ಇದೆಯಾ, ಅದರ ಮೇಲೆ 30 ಅಥವಾ 0.03 ಅಂತ ಇದೆಯಾ ನೋಡಿ. ಮಾಲೀಕರ ಎದುರಿಗೇ ಆ ಗುಂಡಿ ಒತ್ತಿ. ಟಕ್ ಅಂತ ಬೀಳಬೇಕು. ಬೀಳದಿದ್ದರೆ ಅದು ಕೆಟ್ಟಿದೆ. ಆದರೆ ಬಿದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತ ಆಗಲಿಲ್ಲ, ಟೆಸ್ಟ್ ಗುಂಡಿಗೂ ಅರ್ಥಿಂಗಿಗೂ ಸಂಬಂಧ ಇಲ್ಲ. ಅರ್ಥಿಂಗ್ ಗುಂಡಿ ಎಲ್ಲಿದೆ ಅಂತ ಕೇಳಿ, ಹೋಗಿ ಕಣ್ಣಲ್ಲಿ ನೋಡಿ. ಬಚ್ಚಲುಮನೆಯಲ್ಲಿ ನೀರು ಸಿಡಿಯುವ ಕಡೆ ಸ್ವಿಚ್ ಇದೆಯಾ, ಬೋರ್ಡುಗಳ ಸುತ್ತ ಗೋಡೆ ತೇವ ಹಿಡಿದಿದೆಯಾ, ಸಾಕೆಟ್ಟಿನ ತೂತಿನ ಸುತ್ತ ಕಪ್ಪಾಗಿದೆಯಾ ನೋಡಿ. ಮನೆ ನೋಡಲು ಸಾಧ್ಯವಾದರೆ ಜೋರು ಮಳೆ ಬಂದ ಮರುದಿನವೇ ಹೋಗಿ.